ಇಳಿಯುವ ಮುನ್ನ: ಮುಚ್ಚಿದ ತೊಟ್ಟಿಯ ಗಾಳಿಯ ವಿಚಾರ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ವಾಡಿಕೆ ಬಹುಕಾಲ ನಡೆದುಬಂದಿತ್ತು. ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಅದರೊಳಕ್ಕೆ ಇಳಿಯಬಾರದು, ಕೆಲಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯಬೇಕು ಎಂಬುದು ಹಿರಿಯರ ಕಟ್ಟಪ್ಪಣೆ. ಹಾಳುಬಾವಿಗೆ ಇಳಿಯುವವರು ಹಗ್ಗಕ್ಕೆ ದೀಪವೊಂದನ್ನು ಕಟ್ಟಿ ಮೊದಲು ಅದನ್ನು ಇಳಿಬಿಟ್ಟು, ಅದು ಉರಿಯುವುದೋ ಆರುವುದೋ ಎಂದು ನೋಡುತ್ತಿದ್ದರು. ಇಂತಹ ಬಾವಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತುದನ್ನು ಕಂಡ ಜನ ಅದನ್ನು ಭೂತದ ಕಾಟವೆಂದು ಬಗೆದದ್ದೂ ಉಂಟು. ಆದರೆ ಅಲ್ಲಿ ಕೊಲ್ಲುವುದು ಭೂತವಲ್ಲ, ಗಾಳಿ.

ಕೈಗಾರಿಕೆ ಬೆಳೆದಂತೆಲ್ಲ ಹಗೇವು ಹಾಳುಬಾವಿಗಳ ಬಂಧುಗಳೂ ಹೆಚ್ಚಿವೆ. ಎಣ್ಣೆಯ ತೊಟ್ಟಿ, ರಾಸಾಯನಿಕ ಪಾತ್ರೆ, ಆವಿಯ ಬಾಯ್ಲರು, ಹಡಗಿನ ತಳಗೂಡು, ಕಾರ್ಖಾನೆಯ ಕೊಳಚೆ ಗುಂಡಿ, ಊರಿನ ಒಳಚರಂಡಿಯ ಮ್ಯಾನ್‌ಹೋಲು, ಮನೆಯ ಮಲಗುಂಡಿ — ಇವೆಲ್ಲ ಒಂದೇ ಜಾತಿಗೆ ಸೇರಿದವು. ಒಳಹೋಗಲು ಕಿರಿದಾದ ಬಾಯಿ, ಗಾಳಿಯ ಸಂಚಾರವಿಲ್ಲದ ಒಡಲು, ಮನುಷ್ಯನು ಸದಾ ಇರುವುದಕ್ಕಾಗಿ ಕಟ್ಟದ ಜಾಗ: ಇವು ಮೂರೂ ಕೂಡಿದಲ್ಲಿ ಅದನ್ನು ‘ಆವೃತ ಸ್ಥಳ’ ಎನ್ನಬಹುದು. ಇಂತಹ ಸ್ಥಳವನ್ನು ಹೊಗುವವನು ಪಾಲಿಸಬೇಕಾದ ನಿಯಮಗಳು ಕೆಲವಿವೆ. ಅವನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದಿರುವ ಕಾರಣವನ್ನು ತಿಳಿಯುವುದು ಮೇಲು. ಕಾರಣ ತಿಳಿದವನು ನಿಯಮವನ್ನು ಮುರಿಯಲಾರ.

ಆಮ್ಲಜನಕ ಎಲ್ಲಿ ಹೋಗುತ್ತದೆ?

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಮುಚ್ಚಿದ ಪಾತ್ರೆಯಲ್ಲಿ ಈ 21 ಪಾಲು ಹಾಗೆಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಹಗೇವಿನ ಕಾಳು ಜೀವಂತ ವಸ್ತು. ಅದೂ ಅದರೊಳಗಿನ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ವ್ಯಯಮಾಡಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ. ಕೊಳೆಯುವ ಕಸದಲ್ಲಿ ಸೂಕ್ಷ್ಮಜೀವಿಗಳು ಇದೇ ಕೆಲಸವನ್ನು ಮಾಡುತ್ತವೆ. ಇನ್ನು, ಏನೂ ಇಲ್ಲದ ಬರಿಯ ಉಕ್ಕಿನ ತೊಟ್ಟಿಯಲ್ಲಿ ಭಯವೇನು ಎಂದು ಕೇಳಬಹುದು. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಅದು ಆಮ್ಲಜನಕದೊಡನೆ ಕೂಡುವುದೆಂದೇ ಅರ್ಥವಷ್ಟೆ. ಒದ್ದೆಯಾದ ತೊಟ್ಟಿಯನ್ನು ಬಹುದಿನ ಮುಚ್ಚಿಟ್ಟರೆ ಅದರ ಗೋಡೆಗಳೇ ಒಳಗಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಬೆಂಕಿ ಹತ್ತದಿರಲೆಂದು ತೊಟ್ಟಿಗಳಿಗೆ ಬೇಕೆಂದೇ ಸಾರಜನಕವನ್ನು ತುಂಬುವುದೂ ಉಂಟು.

ಇಂದ್ರಿಯಗಳ ಸೋಲು

ಆಮ್ಲಜನಕ ಕಡಮೆಯಾದರೆ ಉಸಿರು ಕಟ್ಟಿ ಒದ್ದಾಡುತ್ತೇವೆ, ಅಷ್ಟರಲ್ಲಿ ಹೊರಗೆ ಓಡಿಬರಬಹುದು ಎಂಬುದು ಸಾಮಾನ್ಯರ ಎಣಿಕೆ. ಈ ಎಣಿಕೆ ತಪ್ಪು. ಮೂಗು ಮುಚ್ಚಿಕೊಂಡಾಗ ಆಗುವ ಸಂಕಟಕ್ಕೆ ಮುಖ್ಯ ಕಾರಣ ಆಮ್ಲಜನಕದ ಅಭಾವವಲ್ಲ, ರಕ್ತದಲ್ಲಿ ಕೂಡಿಬರುವ ಇಂಗಾಲದ ಡೈಆಕ್ಸೈಡು. ಸಾರಜನಕ ತುಂಬಿದ ತೊಟ್ಟಿಯಲ್ಲಿರುವವನು ಎಂದಿನಂತೆ ಉಸಿರನ್ನು ಹೊರಬಿಡುತ್ತಿರುತ್ತಾನೆ. ಆ ಉಸಿರಿನೊಡನೆ ಇಂಗಾಲದ ಡೈಆಕ್ಸೈಡು ಹೊರಹೋಗುತ್ತಲೇ ಇರುತ್ತದೆ. ಆದುದರಿಂದ ಅವನಿಗೆ ಸಂಕಟವೇ ತೋರದು.

ಇನ್ನೊಂದು ಮಾತು. ಉಸಿರು ಬಿಗಿಹಿಡಿದವನ ರಕ್ತದಲ್ಲಿ ಆಮ್ಲಜನಕ ಕೆಲಕಾಲ ಉಳಿದಿರುತ್ತದೆ. ಆಮ್ಲಜನಕವಿಲ್ಲದ ಗಾಳಿಯನ್ನು ಸೇದಿದವನ ಗತಿ ಬೇರೆ. ಶ್ವಾಸಕೋಶದಲ್ಲಿ ಅನಿಲಗಳು ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಹರಿಯುತ್ತವೆ. ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದರೆ, ರಕ್ತದಲ್ಲಿದ್ದ ಆಮ್ಲಜನಕವೇ ಹಿಮ್ಮುಖವಾಗಿ ಶ್ವಾಸಕೋಶಕ್ಕೆ ಬಂದು ಉಸಿರಿನೊಡನೆ ಹೊರಟುಹೋಗುತ್ತದೆ. ಒಂದೆರಡು ಉಸಿರಿನಲ್ಲಿಯೇ ಪ್ರಜ್ಞೆ ತಪ್ಪಬಹುದು. ಆಮ್ಲಜನಕ ನೂರಕ್ಕೆ 16ರ ಹತ್ತಿರಕ್ಕೆ ಇಳಿದಾಗ ವಿವೇಚನೆ ಮಂಕಾಗುತ್ತದೆ. 10ಕ್ಕಿಂತ ಇಳಿದಾಗ ಮೂರ್ಛೆ ಸಮೀಪಿಸುತ್ತದೆ. ಮೊದಲು ಕೆಡುವುದು ವಿವೇಚನೆಯೇ ಆದ್ದರಿಂದ, ಅಪಾಯದಲ್ಲಿರುವವನಿಗೆ ತಾನು ಅಪಾಯದಲ್ಲಿರುವುದು ಗೊತ್ತಾಗುವುದಿಲ್ಲ.

ಇದು ತಿಳಿವಳಿಕೆಯಿಲ್ಲದವರಿಗೆ ಮಾತ್ರ ಒದಗುವ ಆಪತ್ತೆಂದು ಭಾವಿಸಬಾರದು. 1981ರ ಮಾರ್ಚ್ 19ರಂದು ಅಮೆರಿಕದ ಫ್ಲಾರಿಡದಲ್ಲಿ ‘ಕೊಲಂಬಿಯ’ ಎಂಬ ವ್ಯೋಮನೌಕೆಯನ್ನು ಅದರ ಮೊದಲ ಯಾನಕ್ಕೆ ಅಣಿಗೊಳಿಸುತ್ತಿದ್ದರು. ಬೆಂಕಿಯ ಭಯವನ್ನು ತಪ್ಪಿಸಲು ನೌಕೆಯ ಹಿಂಭಾಗದ ಕೋಣೆಗೆ ಸಾರಜನಕವನ್ನು ಹಾಯಿಸಲಾಗಿತ್ತು. ಪರೀಕ್ಷೆ ಮುಗಿಯಿತು, ಕೆಲಸಕ್ಕೆ ಮರಳಬಹುದು ಎಂಬ ಸೂಚನೆ ಬಂದಿತು. ಸಾರಜನಕ ಮಾತ್ರ ಇನ್ನೂ ಹರಿಯುತ್ತಿತ್ತು. ಒಳಹೊಕ್ಕ ಗುತ್ತಿಗೆ ಸಂಸ್ಥೆಯ ತಂತ್ರಜ್ಞರು ಒಬ್ಬೊಬ್ಬರಾಗಿ ಕುಸಿದರು. ಒಬ್ಬರು ಅಂದೇ, ಮತ್ತೊಬ್ಬರು ಕೆಲವು ದಿನಗಳ ಅನಂತರ ಅಸುನೀಗಿದರು. ವಿಜ್ಞಾನದ ಶಿಖರದಲ್ಲಿ ನಿಂತವರಿಗೂ ಹಾಳುಬಾವಿಯ ನಿಯಮವೇ ಅನ್ವಯವಾಯಿತು.

ವಿಷವಾಯುಗಳು

ಆಮ್ಲಜನಕ ಸಾಕಷ್ಟಿದ್ದರೂ ಬೇರೆ ಅನಿಲಗಳ ಭಯ ತಪ್ಪದು. ಒಳಚರಂಡಿ, ಮಲಗುಂಡಿಗಳಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತ. ನಾತವಿದ್ದರೆ ಎಚ್ಚರಗೊಳ್ಳಬಹುದಲ್ಲ ಎಂದರೆ, ಅಲ್ಲಿಯೂ ಮೋಸವಿದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಮೆಯಿದ್ದರೂ ಇದು ಮೂಗಿಗೆ ತಿಳಿಯುತ್ತದೆ. ನೂರು ಪಾಲಿನಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗೇ ಜಡವಾಗಿ ನಾತ ನಿಂತಂತೆ ಭಾಸವಾಗುತ್ತದೆ. ನಾತ ಹೋಯಿತೆಂದು ಧೈರ್ಯಗೊಂಡವನು ಸಾವಿನ ಬಾಗಿಲಲ್ಲಿ ನಿಂತಿರುತ್ತಾನೆ. ಈ ಅನಿಲ ಕೆಸರಿನಲ್ಲಿ ಅಡಗಿದ್ದು, ಕೆಸರನ್ನು ಕದಡಿದಾಗ ಒಮ್ಮೆಗೇ ಮೇಲೇಳುತ್ತದೆ. ಗುಂಡಿಯ ಗಾಳಿ ಬೆಳಗ್ಗೆ ಚೆನ್ನಾಗಿದ್ದ ಮಾತ್ರಕ್ಕೆ ಕೆಲಸ ಸಾಗುವಾಗಲೂ ಹಾಗೆಯೇ ಇರುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ಇಂಗಾಲದ ಡೈಆಕ್ಸೈಡು ಗಾಳಿಗಿಂತ ಒಂದೂವರೆ ಪಟ್ಟು ತೂಕದ್ದು, ತಳದಲ್ಲಿ ನಿಲ್ಲುತ್ತದೆ. ಇಟಲಿಯ ನೇಪಲ್ಸಿನ ಬಳಿ ‘ನಾಯಿಯ ಗುಹೆ’ ಎಂದೇ ಹೆಸರಾದ ಗವಿಯೊಂದುಂಟು. ಅದರ ನೆಲದ ಮೇಲೆ ಈ ಅನಿಲ ಹಾಸಿಕೊಂಡಿರುವುದರಿಂದ, ಒಳಹೋದ ಮನುಷ್ಯ ನಿಂತೇ ಇರುತ್ತಿದ್ದನು, ಜೊತೆಯ ನಾಯಿ ಮೂರ್ಛೆ ಹೋಗುತ್ತಿತ್ತು. ಮೀಥೇನ್ ಹಗುರ, ಮೇಲ್ಗಡೆ ಸೇರುತ್ತದೆ. ಗಾಳಿಯಲ್ಲಿ ನೂರಕ್ಕೆ 5ರಿಂದ 15ರವರೆಗೆ ಬೆರೆತಾಗ ಒಂದು ಕಿಡಿ ತಗುಲಿದರೂ ಸಿಡಿಯುತ್ತದೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೀರೆತ್ತಲು ಎಂಜಿನ್ನನ್ನು ಬಾವಿಯೊಳಕ್ಕೇ ಇಳಿಸಿದರೆ ಅದು ಉಗುಳುವುದು ಇದನ್ನೇ.

ಹಾಗಾದರೆ ಹಿರಿಯರ ದೀಪ ಸಾಲದೇ? ಅದು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಆಮ್ಲಜನಕ ನೂರಕ್ಕೆ 16–17ಕ್ಕೆ ಇಳಿದಾಗ ದೀಪ ಆರುವುದರಿಂದ, ಆ ಒಂದು ವಿಷಯದಲ್ಲಿ ಅದು ಎಚ್ಚರಿಕೆ ಕೊಟ್ಟೀತು. ಹೈಡ್ರೊಜನ್ ಸಲ್ಫೈಡನ್ನು ಅದು ಅರಿಯದು. ಮೀಥೇನ್ ಇದ್ದಲ್ಲಿ ಅದೇ ಸ್ಫೋಟಕ್ಕೆ ಕಿಡಿಯಾದೀತು. ಆದುದರಿಂದ ಇಂದು ದೀಪವನ್ನು ಇಳಿಸಬಾರದು, ಅನಿಲಮಾಪಕವನ್ನು ಇಳಿಸಬೇಕು. ಅಂಗೈಯಲ್ಲಿ ಹಿಡಿಸುವ ಈ ಉಪಕರಣ ಆಮ್ಲಜನಕ, ದಹ್ಯ ಅನಿಲ, ಹೈಡ್ರೊಜನ್ ಸಲ್ಫೈಡ್, ಇಂಗಾಲದ ಮಾನಾಕ್ಸೈಡ್ ಈ ನಾಲ್ಕನ್ನೂ ಒಟ್ಟಿಗೆ ಅಳೆಯುತ್ತದೆ.

ನಿಯಮಗಳು ಮತ್ತು ಅವುಗಳ ಕಾರಣ

ಒಂದು: ಇಳಿಯದೆ ಆಗುವ ಕೆಲಸಕ್ಕೆ ಇಳಿಯಬಾರದು. ಹೊರಗಿನಿಂದಲೇ ಯಂತ್ರದಿಂದ ಹೀರಿ ತೆಗೆಯಬಹುದಾದ ಕೆಸರಿಗೆ ಮನುಷ್ಯನನ್ನು ಇಳಿಸುವುದು ಅನ್ಯಾಯ.

ಎರಡು: ತೊಟ್ಟಿಗೆ ಬರುವ ಕೊಳವೆಗಳನ್ನೆಲ್ಲ ಬೇರ್ಪಡಿಸಬೇಕು. ಕವಾಟವನ್ನು ತಿರುಗಿಸಿ ಮುಚ್ಚಿದರೆ ಸಾಲದು. ಕವಾಟ ಸೋರುವುದುಂಟು, ಅರಿಯದವರು ತೆರೆಯುವುದೂ ಉಂಟು. ಕೊಳವೆಯನ್ನು ಬಿಚ್ಚಬೇಕು, ಇಲ್ಲವೆ ನಡುವೆ ಉಕ್ಕಿನ ಬಿಲ್ಲೆಯನ್ನು ಕೂಡಿಸಿ ಬಿಗಿಯಬೇಕು. ಒಳಗೆ ತಿರುಗುವ ಯಂತ್ರವಿದ್ದರೆ ವಿದ್ಯುತ್ತಿನ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಇಳಿಯುವವನೇ ಇಟ್ಟುಕೊಳ್ಳಬೇಕು.

ಮೂರು: ಹೊಸ ಗಾಳಿಯನ್ನು ಬೀಸಣಿಗೆಯಿಂದ ಒಳಕ್ಕೆ ಊದಬೇಕು. ಗಾಳಿಗೆ ಬದಲಾಗಿ ಆಮ್ಲಜನಕವನ್ನು ಎಂದೂ ಬಿಡಬಾರದು. ಅದು ಹೆಚ್ಚಾದರೆ ಬಟ್ಟೆ, ಕೂದಲುಗಳೂ ಭುಗಿಲೆಂದು ಉರಿಯುತ್ತವೆ.

ನಾಲ್ಕು: ಮೇಲೆ, ನಡುವೆ, ತಳದಲ್ಲಿ ಗಾಳಿಯನ್ನು ಅಳೆಯಬೇಕು, ಅನಿಲಗಳು ಪದರಗಳಾಗಿ ನಿಲ್ಲುತ್ತವೆಂಬುದನ್ನು ಆಗಲೇ ನೋಡಿದೆವು. ಮೊದಲು ಆಮ್ಲಜನಕವನ್ನು ನೋಡಬೇಕು, ಏಕೆಂದರೆ ದಹ್ಯ ಅನಿಲವನ್ನು ಅಳೆಯುವ ಹಲವು ಉಪಕರಣಗಳು ಆಮ್ಲಜನಕವಿಲ್ಲದೆ ಸುಳ್ಳು ಹೇಳುತ್ತವೆ. ಕೆಲಸ ಮುಗಿಯುವವರೆಗೂ ಅಳತೆ ನಡೆಯುತ್ತಿರಬೇಕು.

ಐದು: ಇಳಿಯುವವನ ಮೈಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿ ಹೊರಗೆ ನಿಂತವನ ವಶದಲ್ಲಿ. ಹೊರಗಿನವನಿಗೆ ಬೇರೆ ಕೆಲಸವನ್ನು ಹೇಳಬಾರದು. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ, ಧೂಳಿನ ಮುಸುಕು ಇವು ಇಲ್ಲಿ ನಿಷ್ಪ್ರಯೋಜಕ. ಇರದ ಆಮ್ಲಜನಕವನ್ನು ಯಾವ ಸೋಸುಬಟ್ಟೆಯೂ ತಂದುಕೊಡಲಾರದು.

ಆರು: ಇವೆಲ್ಲ ಆದುವೆಂದು ಬಲ್ಲವನೊಬ್ಬನು ಪರೀಕ್ಷಿಸಿ, ಬರೆದು, ರುಜು ಹಾಕಿಕೊಟ್ಟ ಅನುಮತಿ ಪತ್ರವಿಲ್ಲದೆ ಇಳಿಯಬಾರದು. ಕೊಲಂಬಿಯದ ಪ್ರಸಂಗ ಕಲಿಸುವುದು ಇದನ್ನೇ. ‘ಆಯಿತು, ಹೋಗಿ’ ಎಂಬ ಬಾಯಿಮಾತು ಒಬ್ಬರಿಂದ ಒಬ್ಬರಿಗೆ ದಾಟುವಾಗ ಮುಖ್ಯವಾದುದೇ ಬಿಟ್ಟುಹೋಗುತ್ತದೆ. ಹೊರಗಿನಿಂದ ಬಂದ ಗುತ್ತಿಗೆಯ ಆಳಿಗಂತೂ ನಿನ್ನೆ ಆ ತೊಟ್ಟಿಯಲ್ಲಿ ಏನಿತ್ತೆಂಬುದೇ ತಿಳಿದಿರುವುದಿಲ್ಲ. ಅದನ್ನು ತಿಳಿಸುವ ಹೊಣೆ ತೊಟ್ಟಿಯ ಒಡೆಯನದು. ಕೇಳಿ ತಿಳಿಯುವ ಹಕ್ಕು ಕೆಲಸಗಾರನದು.

ಕರುಣೆಯ ಬಲೆ

ಏಳನೆಯ ನಿಯಮ ಎಲ್ಲಕ್ಕಿಂತ ಕಠಿನ: ಒಳಗೆ ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಇಳಿಯಬಾರದು. ಆವೃತ ಸ್ಥಳಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಇತರರನ್ನು ಉಳಿಸಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆ 1986ರಲ್ಲಿ ಎಚ್ಚರಿಸಿತು. ತಮ್ಮನು ಬಿದ್ದನೆಂದು ಅಣ್ಣ, ಅಣ್ಣನು ಬಿದ್ದನೆಂದು ನೆರೆಯವನು ಇಳಿಯುತ್ತಾರೆ. ಮೊದಲನೆಯವನನ್ನು ಕೆಡವಿದ ಗಾಳಿ ಎರಡನೆಯವನಿಗಾಗಿಯೂ ಅಲ್ಲಿಯೇ ಕಾದಿರುತ್ತದೆ. ಹೊರಗಿರುವವನು ಕೂಗಿ ಜನರನ್ನು ಕರೆಯಲಿ, ಹಗ್ಗವನ್ನು ಎಳೆಯಲಿ, ಹೊಸ ಗಾಳಿಯನ್ನು ಊದಲಿ; ಇಳಿಯುವುದು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡ, ಅದರಲ್ಲಿ ತರಬೇತಿ ಹೊಂದಿದವನ ಕೆಲಸ. ಮೊದಲೇ ಕಟ್ಟಿದ ಹಗ್ಗದ ಬೆಲೆ ತಿಳಿಯುವುದು ಆ ಗಳಿಗೆಯಲ್ಲಿ.

ಕಾನೂನಿನ ಮಾತು

ನಮ್ಮ ದೇಶದಲ್ಲಿ ಈ ತತ್ತ್ವಗಳು ಹೊಸವಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 36ನೆಯ ಪ್ರಕರಣವು, ಬಲ್ಲವನು ಸ್ವತಃ ಪರೀಕ್ಷಿಸಿ ಬರೆದುಕೊಟ್ಟ ಪತ್ರ, ಇಲ್ಲವೆ ಉಸಿರಾಟದ ಉಪಕರಣದೊಡನೆ ಹೊರಗಿನವನು ಹಿಡಿದ ಹಗ್ಗ ಇವಿಲ್ಲದೆ ವಿಷಾನಿಲದ ಭಯವಿರುವ ತೊಟ್ಟಿಗೆ ಯಾರನ್ನೂ ಇಳಿಸಬಾರದೆಂದು ವಿಧಿಸಿತ್ತು. ಅಂತಹ ಕಾಯಿದೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಸಂಸತ್ತು ಔದ್ಯೋಗಿಕ ಸುರಕ್ಷೆಯ ಸಂಹಿತೆಯನ್ನು ಅಂಗೀಕರಿಸಿತು. ಮಲ ಹೊರುವ ವೃತ್ತಿಯನ್ನು ನಿಷೇಧಿಸಿದ 2013ರ ಕಾಯಿದೆ, ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯನಿಂದ ಒಳಚರಂಡಿ, ಮಲಗುಂಡಿಗಳನ್ನು ಶುಚಿಮಾಡಿಸುವುದನ್ನು ಅಪರಾಧವೆಂದಿತು. ಅಲ್ಲಿ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆಜ್ಞಾಪಿಸಿತು. ಆದರೂ ಗುಂಡಿಗಳಲ್ಲಿ ಸಾವು ನಿಂತಿಲ್ಲ. ಕಾನೂನು ಕಾಗದದ ಮೇಲಿದ್ದು, ಮಾಪಕ ಉಗ್ರಾಣದಲ್ಲಿದ್ದು, ಇಳಿಯುವವನು ದಿನಗೂಲಿಯ ಬಡವನಾಗಿದ್ದರೆ ಆಗುವುದು ಇದೇ.

ಆಮ್ಲಜನಕವನ್ನು ಅರಿಯುವ ಇಂದ್ರಿಯವನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ. ಆ ಕೊರತೆಯನ್ನು ತುಂಬಲು ಮನುಷ್ಯನು ಕಟ್ಟಿಕೊಂಡವು ಮಾಪಕ, ಹಗ್ಗ, ಹೊರಗೊಬ್ಬ ಕಾವಲುಗಾರ ಮತ್ತು ರುಜು ಹಾಕಿದ ಒಂದು ಚೀಟಿ. ಈ ನಾಲ್ಕರಲ್ಲಿ ಯಾವುದು ಇಲ್ಲದಿದ್ದರೂ ‘ನಾನು ಇಳಿಯುವುದಿಲ್ಲ’ ಎನ್ನುವುದು ಹೇಡಿತನವಲ್ಲ. ಹಾಗೆಂದವನನ್ನು ಕೆಲಸದಿಂದ ತೆಗೆಯದಿರುವುದು ಒಡೆಯನ ಧರ್ಮ.