ಮರಳುಗಾಡಿನಲ್ಲಿ ನೀರಿನ ಲೆಕ್ಕ

ಒಂಟೆಗಳ ಮೇಲೆ ಹೇರು ಹೇರಿ, ದಾರಿ ತೋರುವವನನ್ನು ಮುಂದಿಟ್ಟುಕೊಂಡು, ಜನವಸತಿಯಿಲ್ಲದ ಮರಳುಗಾಡನ್ನು ದಾಟುವ ಪ್ರಯಾಣವೇ ಈ ಸಾರಿಯ ಪಾಠದ ವಿಷಯ. ನಮ್ಮಲ್ಲಿ ಅನೇಕರು ಒಂಟೆಯನ್ನು ಜಾತ್ರೆಯಲ್ಲಿ ಮಾತ್ರ ನೋಡಿರುವರು. ಮರಳುಗಾಡನ್ನು ಕಂಡವರಂತೂ ವಿರಳ. ಆದರೂ ಬೇಸಿಗೆಯಲ್ಲಿ ಬಾವಿಯ ತಳ ಕಾಣತೊಡಗಿದಾಗ ಮನೆಯವರ ಎದೆಯಲ್ಲಿ ಹುಟ್ಟುವ ದಿಗಿಲು ಎಂಥಾದ್ದೆಂದು ನಾವೆಲ್ಲರೂ ಬಲ್ಲೆವು. ಆದದರಿಂದ ಈ ವೃತ್ತಾಂತವು ದೂರದೇಶದ್ದಾದರೂ ನಮಗೆ ಅನ್ಯವಾಗಿ ತೋರಲಾರದು.

1. ದೇಶವೂ ಮೃಗವೂ

ಚೀನದೇಶದ ಪಶ್ಚಿಮ ಭಾಗವಾದ ಸಿಂಕಿಯಾಂಗ್ ಪ್ರಾಂತದಲ್ಲಿ ತಕ್ಲಮಕಾನ್ ಎಂಬ ದೊಡ್ಡ ಮರಳುಗಾಡು ಉಂಟು. ಅದರ ಉತ್ತರಕ್ಕೆ ತಿಯೆನ್‌ಷಾನ್ ಬೆಟ್ಟಗಳು, ದಕ್ಷಿಣಕ್ಕೆ ಕುನ್‌ಲುನ್ ಬೆಟ್ಟಗಳು, ಪಶ್ಚಿಮಕ್ಕೆ ಪಾಮೀರ್ ಪ್ರಸ್ಥಭೂಮಿ. ಸುತ್ತಲೂ ಎತ್ತರವಾದ ಗೋಡೆಗಳಿರುವದರಿಂದ ಮಳೆಯ ಮೋಡವು ಒಳಗೆ ಬರುವದು ಅಪರೂಪ. ಬೆಟ್ಟದ ಹಿಮವು ಕರಗಿ ಹರಿಯುವ ನದಿಗಳೇ ಅಲ್ಲಿನ ಜೀವ. ಪಶ್ಚಿಮದ ಅಂಚಿನಲ್ಲಿ ಯಾರ್ಕಂದ್ ನದಿಯು ಹರಿಯುತ್ತದೆ. ಪೂರ್ವಕ್ಕೆ ಅನೇಕ ದಿನಗಳ ಪ್ರಯಾಣದಾಚೆ ಖೊತಾನ್ ನದಿಯು ಮರಳನ್ನು ಸೀಳಿಕೊಂಡು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಆದರೆ ಖೊತಾನ್ ನದಿಯು ತುಂಬಿ ಹರಿಯುವದು ಹಿಮ ಕರಗುವ ಬೇಸಿಗೆಯಲ್ಲಿ ಮಾತ್ರವೇ. ಉಳಿದ ಕಾಲದಲ್ಲಿ ಅದು ಅಗಲವಾದ ಮರಳಿನ ಪಾತ್ರವಾಗಿ, ಅಲ್ಲಲ್ಲಿ ಒಂದೊಂದು ಮಡು ಉಳಿದದ್ದಾಗಿ ಇರುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು.

ಈ ಸೀಮೆಯ ಒಂಟೆಗೆ ಎರಡು ಡುಬ್ಬಗಳು. ಡುಬ್ಬದಲ್ಲಿ ನೀರು ತುಂಬಿದೆಯೆಂದು ಕೆಲವರು ಹೇಳುವದುಂಟು, ಅದು ತಪ್ಪು. ಅದರಲ್ಲಿರುವದು ಕೊಬ್ಬು. ಮೇವು ಸಿಕ್ಕದ ದಿನಗಳಲ್ಲಿ ಆ ಕೊಬ್ಬು ಕರಗಿ ಮೃಗಕ್ಕೆ ಆಹಾರವಾಗುತ್ತದೆ. ಒಂಟೆಯು ನೀರನ್ನು ಕೂಡಿಡುವದಕ್ಕಿಂತಲೂ ಉಳಿಸುವದರಲ್ಲಿ ಜಾಣತನವುಳ್ಳದ್ದು. ಅದರ ಮೂತ್ರವು ಸ್ವಲ್ಪ, ಲದ್ದಿಯು ಒಣಗಿದ್ದು, ಬೆವರುವದು ಕಡಿಮೆ. ದನವಾಗಲಿ ಮನುಷ್ಯನಾಗಲಿ ಸಾಯುವಷ್ಟು ನೀರು ಮೈಯಿಂದ ಹೋದರೂ ಅದು ನಡೆಯುತ್ತಲೇ ಇರುವದು. ಬಳಿಕ ನೀರು ಸಿಕ್ಕಿದರೆ ಒಂದೇ ಸಾರಿಗೆ 100 ಲೀಟರಿನಷ್ಟು ಕುಡಿಯಬಲ್ಲದು. ಆದರೂ ಅದರ ತಾಳ್ಮೆಗೆ ಮೇರೆಯುಂಟು.

2. ಹೊರಟ ಬಗೆ

ಸ್ವೆನ್ ಹೇಡಿನ್ ಎಂಬವನು ಸ್ವೀಡನ್ ದೇಶದವನು, 1865ರಲ್ಲಿ ಹುಟ್ಟಿದವನು. ಭೂಪಟದಲ್ಲಿ ಬರಿದಾಗಿ ಬಿಟ್ಟಿದ್ದ ಸ್ಥಳಗಳನ್ನು ತುಂಬಿಸಬೇಕೆಂಬದೇ ಅವನ ಆಶೆ. ಅವನು 1895ನೇ ಏಪ್ರಿಲ್ 10ರಲ್ಲಿ ಯಾರ್ಕಂದ್ ನದಿಯ ಬಳಿಯ ಮೆರ್ಕೆಟ್ ಎಂಬ ಊರಿನಿಂದ ಪೂರ್ವಕ್ಕೆ ಹೊರಟನು. ಸಂಗಡ 8 ಒಂಟೆಗಳೂ 4 ಆಳುಗಳೂ ಇದ್ದರು. ಅವರ ಹೆಸರು ಇಸ್ಲಾಮ್ ಬಾಯ್, ಮಹಮ್ಮದ್ ಷಾ, ಕಾಸಿಮ್, ಯೊಲ್ಚಿ. ಯೊಲ್ಚಿ ಅಂದರೆ ಆ ಭಾಷೆಯಲ್ಲಿ ದಾರಿಯವನು ಎಂದರ್ಥ. ಮರಳುಗಾಡನ್ನು ಬಲ್ಲೆನೆಂದು ಹೇಳಿಕೊಂಡದರಿಂದಲೇ ಅವನನ್ನು ಕರಕೊಂಡರು. ಕಬ್ಬಿಣದ ತೊಟ್ಟಿಗಳಲ್ಲಿಯೂ ಆಡಿನ ತೊಗಲಿನ ಚೀಲಗಳಲ್ಲಿಯೂ ನೀರು ಹೇರಿದ್ದರು. ಕುರಿ, ಕೋಳಿ, ನಾಯಿಗಳೂ ಇದ್ದವು.

ಮೊದಲಿನ ದಿನಗಳಲ್ಲಿ ಕಷ್ಟವೇನೂ ಆಗಲಿಲ್ಲ. ಸುಮಾರು ಹನ್ನೆರಡು ದಿನಗಳಾದ ಮೇಲೆ ಅವರು ಕೆಲವು ಸಿಹಿನೀರಿನ ಕೆರೆಗಳನ್ನು ಮುಟ್ಟಿ ಅಲ್ಲಿ ಇಳುಕೊಂಡರು. ಮುಂದೆ ಮರಳಲ್ಲದೆ ಬೇರೇನೂ ಇರಲಿಲ್ಲ. ಹತ್ತು ದಿನಗಳಿಗೆ ಸಾಕಾಗುವಷ್ಟು ನೀರು ತುಂಬಿಸಬೇಕೆಂದು ಹೇಡಿನನು ಅಪ್ಪಣೆಕೊಟ್ಟನು. ಯೊಲ್ಚಿಯಾದರೋ, ಖೊತಾನ್ ನದಿಗೆ ನಾಲ್ಕೇ ದಿನದ ದಾರಿ, ಅದಕ್ಕೂ ಮೊದಲೇ ಅಗೆದರೆ ನೀರು ಸಿಕ್ಕುವದೆಂದು ಹೇಳಿದನು. ಆ ಮಾತನ್ನು ನಂಬಿ, ಒಂಟೆಗಳ ಹೊರೆಯನ್ನು ಹಗುರ ಮಾಡುವದಕ್ಕಾಗಿ, ಆಳುಗಳು ತೊಟ್ಟಿಗಳನ್ನು ಅರ್ಧಕ್ಕೇ ನಿಲ್ಲಿಸಿದರು. ಅಪ್ಪಣೆಕೊಟ್ಟವನು ಹೋಗಿ ಮುಚ್ಚಳ ತೆರೆದು ನೋಡಲಿಲ್ಲ.

3. ನೀರು ಮುಗಿದದ್ದು

ಏಪ್ರಿಲ್ 25ರಲ್ಲಿ ತೊಟ್ಟಿಯಲ್ಲಿ ನೀರು ಕುಲುಕುವ ಸದ್ದು ಕೇಳಿ ನೋಡಿದಾಗ ಎರಡು ದಿನಗಳಿಗೆ ಮಾತ್ರ ಸಾಕಾಗುವಷ್ಟು ಉಳಿದದ್ದು ತಿಳಿಯಿತು. ಹಿಂದಣ ಕೆರೆಗೆ ಎರಡು ದಿನದ ದಾರಿ. ಆಗಲೇ ತಿರುಗಿದ್ದರೆ ಎಲ್ಲರೂ ಬದುಕಬಹುದಾಗಿತ್ತು. ಆದರೆ ನದಿಯು ಹತ್ತಿರವೇ ಇರಬಹುದೆಂಬ ನಿರೀಕ್ಷೆಯಿಂದ ಮುಂದಕ್ಕೇ ನಡೆದರು. ಅಂದಿನಿಂದ ಒಂಟೆಗಳಿಗೆ ನೀರಿಲ್ಲ. ಮನುಷ್ಯರಿಗೆ ಅಳತೆಯಿಂದ ಗುಟುಕು ಗುಟುಕಾಗಿ ಮಾತ್ರವೇ. ಬಾವಿ ತೋಡಿ ನೋಡಿದರು. ಮೊದಲು ತೇವವಾಗಿದ್ದ ಮರಳು ಕೆಳಕ್ಕೆ ಹೋದ ಹಾಗೆ ಒಣಗಿತು. ಬಿರುಗಾಳಿಯೆದ್ದು ಹಗಲನ್ನು ಕತ್ತಲೆಮಾಡಿತು. ಒಂಟೆಗಳು ಒಂದೊಂದಾಗಿ ಹಿಂದೆ ಬಿದ್ದವು. ಕೊನೆಗೆ ಉಳಿದ ಸ್ವಲ್ಪ ನೀರನ್ನು ಯೊಲ್ಚಿಯು ಕದ್ದು ಕುಡಿಯುತ್ತಿರುವಾಗ ಸಿಕ್ಕಿಬಿದ್ದನು.

ಮೇ 1ರಲ್ಲಿ ಒಂದು ಹನಿಯೂ ಇರಲಿಲ್ಲ. ದಾಹ ತಾಳದೆ ಹೇಡಿನನು ಒಲೆ ಉರಿಸುವದಕ್ಕೆಂದು ತಂದ ಮದ್ಯಸಾರವನ್ನು ಕುಡಿದು ಇನ್ನಷ್ಟು ನಿತ್ರಾಣನಾದನು. ಕುರಿಯನ್ನು ಕೊಯಿದು ರಕ್ತ ಕುಡಿಯಲು ನೋಡಿದರು. ಅದು ಗಟ್ಟಿಯಾಗಿ ಗಂಟಲಲ್ಲಿ ಇಳಿಯಲಿಲ್ಲ. ಮಹಮ್ಮದ್ ಷಾನೂ ಯೊಲ್ಚಿಯೂ ಏಳಲಾರದೆ ಆ ಬಿಡಾರದಲ್ಲಿಯೇ ಉಳಿದರು. ಅವರನ್ನು ಮುಂದೆ ಯಾರೂ ಜೀವದಿಂದ ಕಾಣಲಿಲ್ಲ. ಆ ರಾತ್ರಿಯಲ್ಲಿ ಇಸ್ಲಾಮ್ ಬಾಯಿಯೂ ಒಂಟೆಗಳ ಬಳಿಯಲ್ಲಿ ಕುಸಿದನು. ಹೇಡಿನನೂ ಕಾಸಿಮನೂ ಇಬ್ಬರೇ ಪೂರ್ವಕ್ಕೆ ನಡೆದರು. ರಾತ್ರಿ ನಡೆಯುವದು, ಹಗಲು ತಂಪಾದ ಮರಳನ್ನು ತೋಡಿ ಮೈಮೇಲೆ ಎಳಕೊಂಡು ಮಲಗುವದು, ಇದೇ ಅವರ ಕ್ರಮವಾಯಿತು. ಒಂದು ಹಸುರು ಗಿಡ ಸಿಕ್ಕಿದಾಗ ಅದರ ಎಲೆಗಳನ್ನು ಜಗಿದರು. ಒಮ್ಮೆ ಮರಳಿನಲ್ಲಿ ಹೆಜ್ಜೆಗಳು ಕಂಡವು. ಸಂತೋಷಪಟ್ಟು ಬಗ್ಗಿ ನೋಡಿದರೆ ಅವು ತಮ್ಮವೇ. ಕತ್ತಲಲ್ಲಿ ಸುತ್ತುಹಾಕಿ ಬಂದಿದ್ದರು.

4. ಬೂಟಿನಲ್ಲಿ ತಂದ ನೀರು

ಮೇ 5ರಲ್ಲಿ ನದೀತೀರದ ಕಾಡು ಸಿಕ್ಕಿತು. ಕಾಸಿಮನು ಅಲ್ಲಿಯೇ ಬಿದ್ದನು. ಸಂಜೆಯಾದ ಮೇಲೆ ಹೇಡಿನನು ಒಬ್ಬನೇ ತೆವಳಿಕೊಂಡು ನದಿಗೆ ಇಳಿದನು. ನದಿಯು ಒಣಗಿತ್ತು! ಆ ಪಾತ್ರದ ಅಗಲವನ್ನೆಲ್ಲಾ ಬೆಳದಿಂಗಳಲ್ಲಿ ದಾಟಿ ಆಚೇ ದಡದ ಸಮೀಪಕ್ಕೆ ಬಂದಾಗ, ಒಂದು ನೀರುಹಕ್ಕಿಯು ಪಟಪಟನೆ ಹಾರಿದ ಶಬ್ದವಾಯಿತು. ಅಲ್ಲಿ ತಣ್ಣೀರಿನ ಮಡು ಇತ್ತು. ಅವನು ಕುಡಿಯುವದಕ್ಕೆ ಮೊದಲು ತನ್ನ ನಾಡಿಯನ್ನು ಎಣಿಸಿದನು. ನಿಮಿಷಕ್ಕೆ 49 ಬಡಿತ.

ತಾನು ತೃಪ್ತನಾದ ಮೇಲೆ ಕಾಸಿಮನ ನೆನಪಾಯಿತು. ಪಾತ್ರೆಯಿಲ್ಲ. ಕಾಲಿನ ಬೂಟುಗಳನ್ನು ಕಳಚಿ, ಅಂಚಿನವರೆಗೂ ನೀರು ತುಂಬಿಸಿ, ಗುದ್ದಲಿಯ ಕಾವಿನ ಎರಡು ಕೊನೆಗಳಿಗೆ ಸಿಕ್ಕಿಸಿ, ಹೆಗಲ ಮೇಲಿಟ್ಟು ಹಿಂತಿರುಗಿದನು. ಕತ್ತಲೆಯಲ್ಲಿ ಹುಡುಕಿ ಸಿಕ್ಕದೆ, ಬೆಳಗಾದ ಬಳಿಕ ಅವನನ್ನು ಕಂಡು ಕುಡಿಸಿದನು. ಕಾಸಿಮನು ಬದುಕಿದನು. ಇಸ್ಲಾಮ್ ಬಾಯಿಯೂ ಹೇಗೋ ನದಿಯನ್ನು ಮುಟ್ಟಿ, ದಾರಿಹೋಕ ವರ್ತಕರು ಕೊಟ್ಟ ನೀರಿನಿಂದ ಬದುಕಿ, ಒಂದೇ ಒಂದು ಬಿಳೀ ಒಂಟೆಯ ಸಂಗಡ ಬಂದು ಸೇರಿದನು. ಎರಡು ಮನುಷ್ಯರೂ ಏಳು ಒಂಟೆಗಳೂ ನಷ್ಟವಾದವು.

5. ವಿಚಾರಿಸತಕ್ಕದ್ದು

ತಪ್ಪು ಯಾರದು? ಯೊಲ್ಚಿಯದೆಂದು ಹೇಳುವದು ಸುಲಭ. ತಿಳಿಯದ ದಾರಿಯನ್ನು ತಿಳಿದವನ ಹಾಗೆ ಹೇಳಿದ್ದು ನಿಶ್ಚಯವಾಗಿ ದೊಡ್ಡ ತಪ್ಪೇ. ಆದರೆ ಈ ವೃತ್ತಾಂತವನ್ನು ಬರೆದವನು ಹೇಡಿನನು. ಸತ್ತ ಇಬ್ಬರ ಮಾತು ನಮ್ಮ ಕಿವಿಗೆ ಬೀಳುವಂತಿಲ್ಲ. ತೊಟ್ಟಿಯನ್ನು ನೋಡದೆ ಹೊರಟವನು ಯಜಮಾನನು. ಕೊರತೆ ತಿಳಿದ ದಿನದಲ್ಲಿಯೂ ಹಿಂದಿರುಗದೆ ಹೋದವನು ಅವನೇ. ಅಪ್ಪಣೆ ಕೊಟ್ಟ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯುವವನು ಮನೆಯಲ್ಲಿಯಾಗಲಿ ಹೊಲದಲ್ಲಿಯಾಗಲಿ ಇಂಥಾ ನಷ್ಟವನ್ನೇ ಹೊಂದುವನು. ಆ ನಷ್ಟದ ಭಾರವು ಹೆಚ್ಚಾಗಿ ಆಳುಗಳ ಮೇಲೆಯೂ ಮೂಕಮೃಗಗಳ ಮೇಲೆಯೂ ಬೀಳುವದು.

ಆದರೂ ಹೇಡಿನನು ಕಲಿತನು. 1896ನೇ ಜನವರಿಯಲ್ಲಿ ಅದೇ ಮರಳುಗಾಡಿಗೆ ಖೊತಾನಿನ ಕಡೆಯಿಂದ ಪುನಃ ಹೊರಟಾಗ ಚಳಿಗಾಲವನ್ನು ಆರಿಸಿಕೊಂಡನು, ಹೇರನ್ನು ಕಡಿಮೆಮಾಡಿದನು, ಅಲ್ಲಿಯೇ ಹುಟ್ಟಿ ಬೆಳೆದು ಮರಳನ್ನು ಬಲ್ಲ ಬೇಟೆಗಾರರನ್ನು ಕರಕೊಂಡನು. ಅವರು ನೀರಿರುವ ತಗ್ಗುಗಳಲ್ಲಿ ಬಾವಿ ತೋಡಿದರು. ಆ ಪ್ರಯಾಣದಲ್ಲಿ ದಂದಾನ್ ಉಯಿಲಿಕ್ ಎಂಬ ಮರಳು ಮುಚ್ಚಿದ ಪುರಾತನ ಊರನ್ನು ಕಂಡನು. ಕೆರಿಯಾ ನದಿಯನ್ನು ಹಿಡಿದು ಉತ್ತರಕ್ಕೆ ಹೋಗಿ ಕಾಡೊಂಟೆಗಳನ್ನೂ ನೋಡಿ ಸುಖವಾಗಿ ಹೊರಬಂದನು. ಮರಳು ಬದಲಾಗಲಿಲ್ಲ, ಹೋದವನ ಎಚ್ಚರವು ಬದಲಾಯಿತು.

ಈಗ ಅದೇ ಕಾಡಿನ ನಡುವೆ ಮೋಟಾರುದಾರಿಯುಂಟು. ಅದು 1995ರಲ್ಲಿ, ಅಂದರೆ ಆ ದುರಂತಕ್ಕೆ ಸರಿಯಾಗಿ 100 ವರುಷಗಳಾದ ಮೇಲೆ, ಮುಗಿಯಿತು. ಮರಳು ದಾರಿಯನ್ನು ನುಂಗದ ಹಾಗೆ ಇಕ್ಕೆಲಗಳಲ್ಲಿ ಗಿಡಗಳನ್ನು ನೆಟ್ಟು, ಕೊಳವೆಬಾವಿಗಳಿಂದ ನೀರುಣಿಸುತ್ತಾರೆ. ಅಲ್ಲಿಯೂ ಕಾಯುವದು ಅಳೆದು ಬಿಡುವ ನೀರೇ.

ಪ್ರಶ್ನೆಗಳು

1. ಒಂಟೆಯ ಡುಬ್ಬದಲ್ಲಿ ಇರುವದೇನು? ಅದು ನೀರನ್ನು ಹೇಗೆ ಉಳಿಸುತ್ತದೆ?
2. ಮೇ ತಿಂಗಳಲ್ಲಿ ಖೊತಾನ್ ನದಿಯು ಯಾಕೆ ಒಣಗಿತ್ತು?
3. ತೊಟ್ಟಿಗಳನ್ನು ಅರ್ಧಕ್ಕೆ ನಿಲ್ಲಿಸಿದ್ದು ಯಾವ ಕಾರಣದಿಂದ?
4. ಏಪ್ರಿಲ್ 25ರಲ್ಲಿ ನೀವು ಅಲ್ಲಿದ್ದರೆ ಏನು ಹೇಳುತ್ತಿದ್ದಿರಿ?
5. ಎರಡನೆಯ ಪ್ರಯಾಣದಲ್ಲಿ ಹೇಡಿನನು ಯಾವ ಮೂರು ವಿಷಯಗಳನ್ನು ಬದಲಾಯಿಸಿದನು?
6. ನಿಮ್ಮ ಮನೆಯಲ್ಲಿ ಹೇಳಿಬಿಟ್ಟು ನೋಡದೆ ಇರುವ ಕೆಲಸ ಯಾವದು? ಈ ಹೊತ್ತೇ ಹೋಗಿ ಅದರ ಮುಚ್ಚಳ ತೆರೆದು ನೋಡಿರಿ.