ವರ್ಷಕ್ಕೊಮ್ಮೆ ಬರುವ ರೊಕ್ಕ, ವಾರಕ್ಕೊಮ್ಮೆ ಕಟ್ಟುವ ಕಂತು

ನೂರು ವರ್ಷದ ಹಿಂದೆ ಕೃಷ್ಣಾ–ಭೀಮಾ ನಡುವಿನ ನಮ್ಮ ವಡಗೇರಾ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ರೊಕ್ಕ ಅಂದರೆ ಚಾರ್ಮಿನಾರ್ ಚಿತ್ರದ ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿ ಕಲ್ದಾರ. ಏಳು ಹಾಲಿ ಸಿಕ್ಕಾಕ್ಕೆ ಹೆಚ್ಚುಕಡಿಮೆ ಆರು ಕಲ್ದಾರ. ಒಕ್ಕಲು ಮನೆಯಲ್ಲಿ ಎರಡಕ್ಕೂ ಕೆಲಸ ಕಡಿಮೆಯಿತ್ತು. ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯದ ಕಾಳು ಅಳೆಯುತ್ತಿದ್ದರು. ಕಂದಾಯ, ಉಪ್ಪು, ಅರಿವೆಗಷ್ಟೇ ನಗದು ಬೇಕಿತ್ತು.

ನಮ್ಮಜ್ಜನ ಕಾಲದಲ್ಲಿ ಉಳಿತಾಯವೆಂದರೆ ಹಗೇವು. ನೆಲದೊಳಗೆ ತೋಡಿದ ಕುಣಿಗೆ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಆ ಜೋಳದ ರೊಟ್ಟಿಗೆ ಬೇರೆಯೇ ವಾಸನೆ ಇರುತ್ತಿತ್ತಂತೆ. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಬರ ಬಿದ್ದು ಹಗೇವು ಬರಿದಾದರೆ ಸಾವುಕಾರನೇ ಗತಿ. ಹೊಲವಿಲ್ಲದವರ ಮಕ್ಕಳು ಜೀತಕ್ಕಿರಬೇಕಿತ್ತು. ಆದರೂ ಒಂದು ಲೆಕ್ಕ ಸರಿ ಕೂಡುತ್ತಿತ್ತು: ಬರುವುದು ವರ್ಷಕ್ಕೊಮ್ಮೆ, ಕೊಡುವುದೂ ವರ್ಷಕ್ಕೊಮ್ಮೆ.

ಆಮೇಲೆ ಎಲ್ಲವೂ ಬದಲಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1957ರಲ್ಲಿ ಹೊಸ ಪೈಸೆ ಬಂತು. 1982ರಲ್ಲಿ ನಾರಾಯಣಪುರದ ಬಸವಸಾಗರ ಕಟ್ಟಿ ಮುಗಿದ ಮೇಲೆ ಕಾಲುವೆ ಹರಿದಲ್ಲೆಲ್ಲ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹತ್ತಿಯೂ ಹೆಚ್ಚಿತು. ಹತ್ತಿಯನ್ನು ಹಗೇವಿನಲ್ಲಿಟ್ಟು ಉಣ್ಣಲಾಗದು, ಮಾರಲೇಬೇಕು. ಬೀಜ, ಗೊಬ್ಬರ, ಎಣ್ಣೆ ಹೊಡೆಯುವ ಆಳಿನ ಕೂಲಿ ಎಲ್ಲಕ್ಕೂ ಮೊದಲೇ ರೊಕ್ಕ ಬೇಕು.

ಇಂದು ನಮ್ಮ ಮನೆಯ ಲೆಕ್ಕ ನೋಡಿದರೆ, ಹತ್ತಿ, ತೊಗರಿ ಮಾರಿದ ರೊಕ್ಕ ಚಳಿಗಾಲದಲ್ಲಿ ಒಮ್ಮೆಗೇ ಬರುತ್ತದೆ. ಮೊಬೈಲ್ ರೀಚಾರ್ಜ್ ಇಪ್ಪತ್ತೆಂಟು ದಿನಕ್ಕೆ, ಬೈಕಿನ ಕಂತು ತಿಂಗಳಿಗೆ, ಸಂಘದ ಕಂತು ವಾರಕ್ಕೆ. ಸಾಲ ಹುಟ್ಟುವುದು ಇಲ್ಲೇ. ನಮ್ಮ ಜನ ದುಂದುಗಾರರೆಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ದುಡಿಮೆಗೆ ಬರವಿಲ್ಲ, ರೊಕ್ಕ ಬರುವ ಹೊತ್ತೇ ಬೇರೆ, ಬೇಕಾಗುವ ಹೊತ್ತೇ ಬೇರೆ.

ಆ ನಡುವಿನ ತಿಂಗಳುಗಳಿಗೆ ತೆರುವ ಬೆಲೆ ನೋಡಿ. ಮೂರು ರೂಪಾಯಿ ಬಡ್ಡಿಗೆ 50,000 ತಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಅದೇ ಮೊತ್ತ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವಾದರೆ, ಅವಧಿಯೊಳಗೆ ತೀರಿಸಿದವರಿಗೆ ನೂರಕ್ಕೆ ನಾಲ್ಕರಂತೆ 2,000. ಅದರ ಮರುಪಾವತಿಯನ್ನು ಸುಗ್ಗಿ ನೋಡಿಯೇ ಗೊತ್ತುಮಾಡಿರುತ್ತಾರೆ. ಪಹಣಿ ಹೆಸರಿಗಿಲ್ಲವೆಂದು ಈ ಸಾಲ ಬಿಟ್ಟವರು ಬಹಳ. ಮೊದಲು ಪಹಣಿ ಸರಿಮಾಡಿಸಿಕೊಳ್ಳಿ.

ನಮ್ಮವ್ವನದು ಒಂದೇ ಮಾತು: “ರೊಕ್ಕ ಬಂದ ದಿನಾನ ಹಂಚಿಡಬೇಕು. ಉಳಿದಿದ್ದು ಇಡ್ತೀನಂದ್ರ ಏನೂ ಉಳಿಯಂಗಿಲ್ಲ.” ಆ ಮಾತಿನಂತೆ ನಾನು ಹತ್ತಿಯ ರೊಕ್ಕದಲ್ಲಿ ಮೊದಲು ಬೆಳೆಸಾಲ ತೀರಿಸುತ್ತೇನೆ, ಮುಂಗಾರಿನ ಲಾಗೋಡಿ ತೆಗೆದಿಡುತ್ತೇನೆ. ಮಿಕ್ಕಿದ್ದನ್ನು ಹನ್ನೆರಡು ಪಾಲು ಮಾಡಿ, ಬ್ಯಾಂಕಿನಲ್ಲಿ ಬೇರೆ ಬೇರೆ ತಿಂಗಳಿಗೆ ಮುಗಿಯುವ ಠೇವಣಿಗಳಲ್ಲಿಡುತ್ತೇನೆ. ತಿಂಗಳಿಗೊಂದು ಪಾಲು ಕೈಗೆ ಬರುತ್ತದೆ. ಜೂನ್, ಜುಲೈನಲ್ಲಿ ಬೀಜದಂಗಡಿಯ ಉದ್ರಿ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿರುವುದಿಲ್ಲ.

ಭೂಮಿಯಿಲ್ಲದೆ ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಮನೆಗಳೂ ಹೀಗೆ ಮಾಡಬಹುದು. 2023ರ ಆಗಸ್ಟಿನಿಂದ ಮನೆಯ ಯಜಮಾನಿಯ ಖಾತೆಗೆ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಅದರಲ್ಲಿ 500 ಉಳಿತಾಯ ಖಾತೆಯಲ್ಲೇ ಉಳಿದರೂ ವರ್ಷಕ್ಕೆ 6,000. ಮಗುವಿಗೆ ಜ್ವರ ಬಂದ ರಾತ್ರಿ ಸಾವುಕಾರನ ಬಾಗಿಲು ತಟ್ಟುವುದು ತಪ್ಪಲು ಅಷ್ಟು ಸಾಕು.

ಈ ಸಲ ಹತ್ತಿ ತೂಕಕ್ಕೆ ಹೋಗುವ ಮೊದಲೇ ಮನೆಮಂದಿ ಕೂತು ಹನ್ನೆರಡು ತಿಂಗಳ ಖರ್ಚು ಬರೆಯಿರಿ. ಅಡತ್ ಅಂಗಡಿಯ ಪಟ್ಟಿ ಕೈಗೆ ಬರುವ ಹೊತ್ತಿಗೆ ಯಾವ ರೂಪಾಯಿ ಯಾವ ತಿಂಗಳದ್ದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.