ವಿದ್ಯಾರ್ಥಿಗಳ ಯಂತ್ರ, ನಮ್ಮ ಅಡಿಕೆ

ನಮ್ಮ ಸಂಘದ ಗೋದಾಮಿನ ಮೂಲೆಯಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರವೊಂದು ನಿಂತಿರುವುದನ್ನು ಸದಸ್ಯ ಬಾಂಧವರೆಲ್ಲ ನೋಡಿಯೇ ಇದ್ದೀರಿ. ಈಗ ಅದರ ಮೇಲೆ ಗೊಬ್ಬರದ ಖಾಲಿ ಚೀಲಗಳನ್ನು ಪೇರಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಇಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ಅದನ್ನು ಮಾಡಿದ್ದರು. ಈ ಸಾಲಿನಲ್ಲಿ ಮತ್ತೊಂದು ತಂಡ ಬರಲು ಒಪ್ಪಿದೆ. ‘ಇನ್ನೊಮ್ಮೆ ಆ ಗೊಡವೆ ಏಕೆ?’ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ ಸರಿ. ಉತ್ತರಿಸುವ ಮೊದಲು, ಹಿಂದಿನದು ಏಕೆ ಕೆಟ್ಟಿತು ಎಂಬುದನ್ನು ಪಾಠದಂತೆ ಓದಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳಿಂದ ಉಪಯುಕ್ತ ಕೆಲಸ ಮಾಡಿಸಬಹುದೆಂಬ ವಿಚಾರ ನಮ್ಮ ರಾಜ್ಯಕ್ಕೆ ಹೊಸತಲ್ಲ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದಲೇ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಈ ಮಂಡಳಿಯು ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟುಗಳನ್ನು ಆರಿಸಿ, ಅಲ್ಪ ಧನಸಹಾಯ ನೀಡಿ, ಉತ್ತಮವಾದವುಗಳನ್ನು ಪ್ರದರ್ಶನಕ್ಕೆ ಕರೆಯುತ್ತದೆ.

ಹಾಗಾದರೆ ನಮ್ಮಲ್ಲಿ ತಪ್ಪಿದ್ದೆಲ್ಲಿ?

ಮೊದಲನೆಯದು ಕಾಲ. ಅಂತಿಮ ವರ್ಷದ ಪ್ರಾಜೆಕ್ಟು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಆರಂಭವಾಗಿ ಬೇಸಿಗೆಯಲ್ಲಿ ಮುಗಿಯುತ್ತದೆ. ಯಂತ್ರ ಸಿದ್ಧವಾಗಿ ಪರೀಕ್ಷೆಗೆ ನಿಲ್ಲುವ ಹೊತ್ತಿಗೆ ಮರದಲ್ಲಿ ಹಸಿ ಕೊನೆ ಇರುವುದಿಲ್ಲ. ಪಾಪ, ಆ ಹುಡುಗರು ಸಿಕ್ಕ ಒಣ ಅಡಿಕೆಯನ್ನೇ ಹಾಕಿ ನೋಡಿದರು. ಚೆನ್ನಾಗಿಯೇ ಸುಲಿಯಿತು. ಒಣಗಿದ ಕಾಯಿಯಲ್ಲಿ ಬೆಟ್ಟೆ ಸಿಪ್ಪೆಯಿಂದ ಬಿಟ್ಟುಕೊಂಡು ಗುಲಗುಲ ಎನ್ನುತ್ತದೆ. ಹಸಿ ಕಾಯಿಯಲ್ಲಿ ಸಿಪ್ಪೆ ಬೆಟ್ಟೆಗೆ ಕಚ್ಚಿಕೊಂಡಿರುತ್ತದೆ. ಕೊಯ್ಲಿನಲ್ಲಿ ನಾವು ಅದೇ ಯಂತ್ರಕ್ಕೆ ಹಸಿ ಅಡಿಕೆ ಸುರಿದಾಗ ಒಂದಷ್ಟು ಸುಲಿಯದೆ ಬಂತು, ಒಂದಷ್ಟು ಹೋಳಾಗಿ ಬಂತು.

ಎರಡನೆಯದು ನಮ್ಮದೇ ತಪ್ಪು. ‘ಸುಲಿಯುವ ಯಂತ್ರ ಬೇಕು’ ಎಂದೆವೇ ಹೊರತು, ಯಾವ ಕಾಯಿ, ಎಷ್ಟು ದಪ್ಪದಿಂದ ಎಷ್ಟು ದಪ್ಪದವರೆಗೆ, ಗಂಟೆಗೆ ಎಷ್ಟು ಕಿಲೋ, ನೂರಕ್ಕೆ ಎಷ್ಟು ಹೋಳಾದರೆ ಸಹಿಸಬಹುದು, ಎಷ್ಟು ಜನ ನಿಲ್ಲಬೇಕು, ವಿದ್ಯುತ್ ಇಲ್ಲದಾಗ ಏನು ಗತಿ ಎಂದು ಹೇಳಲಿಲ್ಲ. ಇಂಜಿನಿಯರಿಂಗ್ ವಿನ್ಯಾಸದಲ್ಲಿ ಈ ಪಟ್ಟಿಯೇ ತಳಪಾಯ. ಇದು ಮೊದಲು, ಅನಂತರ ಎರಡು ಮೂರು ಉಪಾಯಗಳ ಹೋಲಿಕೆ, ಅದರಲ್ಲಿ ಸಂಶಯವಿರುವ ಭಾಗವನ್ನಷ್ಟೇ, ಅಂದರೆ ಬ್ಲೇಡು ಮತ್ತು ರೋಲರನ್ನು, ಅಗ್ಗದಲ್ಲಿ ಮಾಡಿ ಪ್ರಯೋಗ, ಅದು ಗೆದ್ದರೆ ಪೂರ್ಣ ನಕ್ಷೆ, ಕಡೆಗೆ ತಯಾರಿಕೆ. ನಮ್ಮ ಯಂತ್ರದಲ್ಲಿ ಕಡೆಯ ಮೆಟ್ಟಿಲೇ ಮೊದಲನೆಯದಾಯಿತು.

ಮೂರನೆಯದು, ಒಂದು ಯಂತ್ರ ಮಾಡುವುದು ಬೇರೆ, ಮಾಡಿಸಿಕೊಳ್ಳಬಹುದಾದ ಯಂತ್ರ ಮಾಡುವುದು ಬೇರೆ. ಬೇರಿಂಗ್ ಹೋದಾಗ ಪೇಟೆಯಲ್ಲಿ ಅದರ ಅಳತೆಯದು ಸಿಗಲಿಲ್ಲ. ಶಾಫ್ಟಿನ ನಕ್ಷೆ ಯಾರಲ್ಲೂ ಇರಲಿಲ್ಲ. ಹುಡುಗರು ಪದವಿ ಪಡೆದು ದಿಕ್ಕಿಗೊಬ್ಬರಾಗಿದ್ದರು.

ಈ ವಿಷಯದಲ್ಲಿ 1981ರಿಂದ ಅಮೆರಿಕದಲ್ಲಿ ನಡೆಯುತ್ತಿರುವ ಫಾರ್ಮುಲಾ ಎಸ್.ಎ.ಇ. ಸ್ಪರ್ಧೆಯನ್ನು ಗಮನಿಸಬಹುದು. ವಿದ್ಯಾರ್ಥಿ ತಂಡಗಳು ತಾವೇ ವಿನ್ಯಾಸ ಮಾಡಿ ಕಟ್ಟಿದ ಚಿಕ್ಕ ರೇಸ್ ಕಾರನ್ನು ಅಲ್ಲಿಗೆ ತರುತ್ತವೆ. ಒಟ್ಟು ಅಂಕ 1000. ಕಾರು ಬರೀ ವೇಗವಾಗಿ ಓಡಿದರೆ ಸಾಲದು. ವಿನ್ಯಾಸವನ್ನು ತಿಳಿದವರೆದುರು ಸಮರ್ಥಿಸಲು 150, ತಯಾರಿಕೆಯ ಖರ್ಚು ಮತ್ತು ಕ್ರಮವನ್ನು ಲೆಕ್ಕ ಸಹಿತ ತೋರಿಸಲು 100 ಅಂಕಗಳಿವೆ. ಎಲ್ಲಕ್ಕಿಂತ ಹೆಚ್ಚು, 275 ಅಂಕ, ಸುಮಾರು 22 ಕಿಲೋಮೀಟರ್ ಬಾಳಿಕೆಯ ಓಟಕ್ಕೆ. ಮೊದಲ ಸುತ್ತಿನಲ್ಲಿ ಮಿಂಚಿ ನಡುವೆ ನಿಂತ ಕಾರುಗಳು ಅಲ್ಲಿ ಎಷ್ಟೋ. ನಮ್ಮ ಯಂತ್ರವನ್ನೂ ಹತ್ತು ಕಾಯಿ ಸುಲಿದು ತೋರಿಸಿದಾಗ ಚಪ್ಪಾಳೆ ತಟ್ಟಿದೆವು. ಹತ್ತು ದಿನ ಸುಲಿಸಿ ನೋಡಲಿಲ್ಲ.

ಆದಕಾರಣ ಈ ಬಾರಿ ಹೀಗೆ ಮಾಡೋಣವೆಂದಿದ್ದೇವೆ. ತಂಡವನ್ನು ಕೊಯ್ಲಿಗೆ ಮೊದಲೇ ಕರೆಸಿ, ಸುಲಿಯುವ ಮನೆಗಳಲ್ಲಿ ಎರಡು ದಿನ ಕೂರಿಸುವುದು. ಮೆಟ್ಟುಗತ್ತಿಯ ಮುಂದೆ ಕೂರುವ ಹೆಣ್ಣುಮಕ್ಕಳ ಕೈ ಹೇಗೆ ತಿರುಗುತ್ತದೆಂಬುದನ್ನು ಅವರು ಪುಸ್ತಕದಲ್ಲಿ ಓದಲಾರರು. ಬ್ಲೇಡಿನ ಭಾಗದ ಪ್ರಯೋಗವನ್ನು ಕೊಯ್ಲು ಮುಗಿಯುವುದರೊಳಗೆ ಹಸಿ ಕಾಯಿಯಲ್ಲೇ ಮಾಡಿಸುವುದು. ಬೇರಿಂಗ್, ಬೆಲ್ಟ್, ಮೋಟಾರು ನಮ್ಮ ಪೇಟೆಯಲ್ಲಿ ಸಿಗುವಂಥವೇ ಆಗಿರತಕ್ಕದ್ದು. ನಕ್ಷೆಯ ಒಂದು ಪ್ರತಿ ಸಂಘದ ಕಛೇರಿಯಲ್ಲಿ, ಇನ್ನೊಂದು ಊರಿನ ವರ್ಕ್‌ಶಾಪಿನಲ್ಲಿ ಇರತಕ್ಕದ್ದು.

ಸದಸ್ಯರಿಂದ ಬೇಕಾದುದು ಇಷ್ಟೇ. ನಿಮ್ಮ ತೋಟದ ಮೊದಲ ಕೊನೆಯಿಂದ ಆರಿಸದೆ ಐವತ್ತು ಕಾಯಿ ಎಣಿಸಿ, ಹೆಸರು ಬರೆದ ಚೀಲದಲ್ಲಿ ಕಛೇರಿಗೆ ತಲುಪಿಸಿ. ಒಳ್ಳೆಯದನ್ನೇ ಹೆಕ್ಕಿ ತರಬೇಡಿ. ಗೊರಟು, ಸಣ್ಣದು, ಸೊಟ್ಟದು ಎಲ್ಲ ಇರಲಿ. ಯಂತ್ರ ಸುಲಿಯಬೇಕಾದದ್ದು ಅವನ್ನೂ ಅಲ್ಲವೇ?

ಸುಲಿಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೊಯ್ದ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಗೋದಾಮಿನ ಮೂಲೆಯ ಯಂತ್ರವನ್ನು ಗುಜರಿಗೆ ಹಾಕದೆ ಇಟ್ಟಿದ್ದೇವೆ. ಹೊಸ ತಂಡಕ್ಕೆ ಮೊದಲ ದಿನ ತೋರಿಸುವುದು ಅದನ್ನೇ.